ಓದುಗರ ಪ್ರಶ್ನೆ: ಶಸ್ತ್ರಚಿಕಿತ್ಸೆ ಒಂದೇ, ಲೆಕ್ಕ ಬೇರೆ

ಪ್ರಶ್ನೆ: ಮ್ಯೂನಿಕ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳಿಗೆ ಈಚೆಗೆ ಲ್ಯಾಪ್ರೋಸ್ಕೋಪಿ ಮೂಲಕ ಪಿತ್ತಕೋಶ ತೆಗೆದರು. ಮೂರನೆಯ ದಿನವೇ ಮನೆಗೆ ಕಳಿಸಿದರು. ಅವಳು ಕೈಯಿಂದ ಕೊಟ್ಟದ್ದು 30 ಯೂರೊ ಮಾತ್ರ. ಹಿಂದೆ ನನ್ನ ಪತ್ನಿಗೆ ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಇದೇ ಶಸ್ತ್ರಚಿಕಿತ್ಸೆ ಆದಾಗ ಹತ್ತಿ, ಕೈಗವಸು, ಸಿರಿಂಜುಗಳನ್ನೆಲ್ಲ ಎಣಿಸಿ ನಾಲ್ಕು ಪುಟದ ಬಿಲ್ಲು ಕೊಟ್ಟಿದ್ದರು. ಅಲ್ಲಿ ಆಸ್ಪತ್ರೆಗೆ ಹಣ ಸಲ್ಲುವುದು ಯಾವ ಲೆಕ್ಕದ ಮೇಲೆ? ಬೇಗ ಮನೆಗೆ ಕಳಿಸಿದ್ದು ಹಣ ಉಳಿಸಲೆಂದೇ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಕೊಟ್ಟದ್ದು ಶಸ್ತ್ರಚಿಕಿತ್ಸೆಯ ಬೆಲೆಯಲ್ಲ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿರುವ ವಯಸ್ಕರು ಆಸ್ಪತ್ರೆಯಲ್ಲಿದ್ದಾಗ ದಿನಕ್ಕೆ 10 ಯೂರೊನಂತೆ, ವರ್ಷಕ್ಕೆ ಹೆಚ್ಚೆಂದರೆ 28 ದಿನಗಳ ಮಟ್ಟಿಗೆ ಕೊಡಬೇಕಾದ ಪಾಲು ಅದು. ಸೇರಿದ ದಿನವೂ ಬಿಡುಗಡೆಯ ದಿನವೂ ಎಣಿಕೆಗೆ ಬರುತ್ತವೆ. ಉಳಿದದ್ದನ್ನು ವಿಮಾ ನಿಧಿಯೇ ಆಸ್ಪತ್ರೆಗೆ ಕಟ್ಟುತ್ತದೆ. ಆ ಮೊತ್ತವನ್ನು ಕೈಗವಸುಗಳ ಎಣಿಕೆಯಿಂದಲ್ಲ, ರೋಗಿಯು ಯಾವ ಗುಂಪಿಗೆ ಸೇರುತ್ತಾನೆ ಎಂಬುದರಿಂದ ನಿಗದಿ ಮಾಡುತ್ತಾರೆ.

ಒಂದೇ ಬಗೆಯ ಕಾಯಿಲೆ, ಚಿಕಿತ್ಸೆ ಮತ್ತು ಹೆಚ್ಚುಕಡಿಮೆ ಒಂದೇ ವೆಚ್ಚದ ರೋಗಿಗಳನ್ನು ಒಟ್ಟುಗೂಡಿಸಿದ ಈ ಗುಂಪುಗಳಿಗೆ ಡಿಆರ್‌ಜಿ (ಡಯಾಗ್ನೋಸಿಸ್ ರಿಲೇಟೆಡ್ ಗ್ರೂಪ್) ಎಂದು ಹೆಸರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ಅವರು ಇವುಗಳನ್ನು ರೂಪಿಸಿದರು. ಕಾರ್ಖಾನೆಯಿಂದ ಹೊರಬರುವ ಸರಕಿನಂತೆ ಆಸ್ಪತ್ರೆಯ ಉತ್ಪನ್ನವೆಂದರೆ ಯಾವುದು ಎಂಬುದು ಅವರ ಮೂಲ ಪ್ರಶ್ನೆಯಾಗಿತ್ತು. ಅಮೆರಿಕದ ಹಿರಿಯ ನಾಗರಿಕರ ಸರ್ಕಾರಿ ವಿಮಾ ಯೋಜನೆಯಾದ ಮೆಡಿಕೇರ್ 1983ರ ಅಕ್ಟೋಬರ್‌ನಿಂದ ಇದೇ ಲೆಕ್ಕದಲ್ಲಿ ಹಣ ಕೊಡತೊಡಗಿತು. ಜರ್ಮನಿಯು ಆಸ್ಟ್ರೇಲಿಯಾದ ಮಾದರಿಯನ್ನು ತನಗೆ ಒಗ್ಗಿಸಿಕೊಂಡು 2003ರಲ್ಲಿ ಆರಂಭಿಸಿ, 2004ರಿಂದ ಕಡ್ಡಾಯಗೊಳಿಸಿತು.

ನಿಮ್ಮ ಮಗಳ ಕಡತದಲ್ಲಿ ಬಹುಶಃ ‘ಎಚ್08’ ಎಂದು ಆರಂಭವಾಗುವ ಸಂಕೇತವಿರುತ್ತದೆ. ಇದರಲ್ಲಿ ‘ಎಚ್’ ಎಂದರೆ ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿಗಳ ವಿಭಾಗ. 01ರಿಂದ 39ರವರೆಗಿನ ಅಂಕಿಗಳು ಶಸ್ತ್ರಚಿಕಿತ್ಸೆಗೆ ಮೀಸಲು. ಕೊನೆಗೆ ಬರುವ ಅಕ್ಷರವು ಪ್ರಕರಣ ಎಷ್ಟು ಜಟಿಲ ಎಂಬುದನ್ನು ಹೇಳುತ್ತದೆ. ಪ್ರತಿ ಗುಂಪಿಗೂ ಒಂದು ತೂಕವಿದೆ, ಅಂದರೆ ಸರಾಸರಿ ಪ್ರಕರಣಕ್ಕೆ ಹೋಲಿಸಿದರೆ ಅದರ ವೆಚ್ಚ ಎಷ್ಟು ಪಟ್ಟು ಎಂದು ಹೇಳುವ ಸಂಖ್ಯೆ. ಆ ತೂಕವನ್ನು ಆಯಾ ರಾಜ್ಯದ ಮೂಲ ದರದಿಂದ ಗುಣಿಸಿದರೆ ಆಸ್ಪತ್ರೆಗೆ ಸಲ್ಲುವ ಮೊತ್ತ ಸಿಗುತ್ತದೆ. ಮೂಲ ದರ ಈಗ 4,000 ಯೂರೊ ದಾಟಿದೆ. ದಾದಿಯರ ವೆಚ್ಚವನ್ನು 2020ರಿಂದ ಈ ಲೆಕ್ಕದಿಂದ ಹೊರತೆಗೆದು ಬೇರೆಯಾಗಿ ಕೊಡುತ್ತಿದ್ದಾರೆ, ಏಕೆಂದರೆ ಒಟ್ಟು ಮೊತ್ತ ನಿಗದಿಯಾಗಿರುವಾಗ ಆಸ್ಪತ್ರೆಗಳ ಕತ್ತರಿ ಮೊದಲು ಬೀಳುತ್ತಿದ್ದುದು ದಾದಿಯರ ಸಂಖ್ಯೆಯ ಮೇಲೆಯೇ.

ಮೊತ್ತ ನಿಗದಿಯಾಗಿದ್ದರೆ ರೋಗಿಯನ್ನು ಬೇಗ ಕಳಿಸುವ ಆಸೆ ಆಸ್ಪತ್ರೆಗೆ ಸಹಜವಾಗಿಯೇ ಹುಟ್ಟುತ್ತದೆ. ನಿಮ್ಮ ಅನುಮಾನ ನಿರಾಧಾರವಲ್ಲ. ಆದರೆ ಪ್ರತಿ ಗುಂಪಿಗೂ ವಾಸ್ತವ್ಯದ ಕೆಳಮಿತಿ ಮತ್ತು ಮೇಲ್ಮಿತಿಗಳಿವೆ. ಕೆಳಮಿತಿಗೂ ಮೊದಲೇ ಕಳಿಸಿದರೆ ಹಣದಲ್ಲಿ ಕಡಿತ, ಮೇಲ್ಮಿತಿ ದಾಟಿದರೆ ದಿನಕ್ಕಿಷ್ಟೆಂದು ಹೆಚ್ಚುವರಿ ಹಣ. ಲ್ಯಾಪ್ರೋಸ್ಕೋಪಿಯ ಬಳಿಕ ತೊಡಕಿಲ್ಲದವರು ಮೂರನೆಯ ದಿನ ಮನೆಗೆ ಹೋಗುವುದು ವೈದ್ಯಕೀಯವಾಗಿಯೂ ಸಾಮಾನ್ಯ.

ಅಮೆರಿಕದಲ್ಲಿ ಇದೇ ಶಸ್ತ್ರಚಿಕಿತ್ಸೆಗೆ 417, 418, 419 ಎಂಬ ಮೂರು ಗುಂಪುಗಳಿವೆ. ತೀವ್ರ ಉಸಿರಾಟ ವೈಫಲ್ಯದಂಥ ದೊಡ್ಡ ತೊಡಕಿದ್ದರೆ 417, ರಕ್ತದಲ್ಲಿ ಸೋಡಿಯಂ ಕುಸಿದಂಥ ಸಣ್ಣ ತೊಡಕಿದ್ದರೆ 418, ಏನೂ ಇಲ್ಲದಿದ್ದರೆ 419. ಹೀಗಾಗಿ ಕೇಸ್ ಶೀಟಿನಲ್ಲಿ ವೈದ್ಯರು ಬರೆಯುವ ಒಂದು ಸಾಲು ಬಿಲ್ಲನ್ನೇ ಬದಲಿಸಬಲ್ಲದು. ಆ ಸಾಲನ್ನು ಬೇಕೆಂದೇ ಬರೆಯುವ ಚಾಳಿಯೂ, ಅದನ್ನು ಪತ್ತೆಹಚ್ಚುವ ಲೆಕ್ಕಪರಿಶೋಧಕರ ಪಡೆಯೂ ಜೊತೆಜೊತೆಯಾಗಿ ಬೆಳೆದಿವೆ. ಹೊಟ್ಟೆಯೊಳಗೆ ಬಟ್ಟೆಯನ್ನೋ ಉಪಕರಣವನ್ನೋ ಮರೆತು ಹೊಲಿದರೆ, ಅದನ್ನು ‘ತೊಡಕು’ ಎಂದು ತೋರಿಸಿ ಹೆಚ್ಚು ಹಣ ಪಡೆಯುವುದನ್ನು ಮೆಡಿಕೇರ್ ನಿಲ್ಲಿಸಿದ್ದು 2008ರ ಅಕ್ಟೋಬರ್‌ನಲ್ಲಿ. ಅಷ್ಟು ತಡವಾದದ್ದೇ ನನಗೆ ಸೋಜಿಗ.

ಜಪಾನಿನ ದಾರಿ ಬೇರೆ. 2003ರಲ್ಲಿ 82 ದೊಡ್ಡ ಆಸ್ಪತ್ರೆಗಳಲ್ಲಿ ಶುರುವಾದ ಅಲ್ಲಿನ ಪದ್ಧತಿಯಲ್ಲಿ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ದರಪಟ್ಟಿಯಿದ್ದು, ವಾಸ್ತವ್ಯಕ್ಕೆ ದಿನವಹಿ ಹಣ ಕೊಡುತ್ತಾರೆ. ದಿನ ಕಳೆದಂತೆ ಆ ದರ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಇಂಗ್ಲೆಂಡ್ ಗುಣಮಟ್ಟಕ್ಕೂ ಹಣಕ್ಕೂ ಗಂಟು ಹಾಕಿದೆ. ಸೊಂಟದ ಮೂಳೆ ಮುರಿದು ಬಂದ ವೃದ್ಧರಿಗೆ 36 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಇನ್ನು ಕೆಲವು ನಿಯಮಗಳನ್ನೂ ಪಾಲಿಸಿದ ಆಸ್ಪತ್ರೆಗೆ ಹೆಚ್ಚಿನ ದರ ಕೊಡುವ ವ್ಯವಸ್ಥೆ 2010ರಲ್ಲಿ ಅಲ್ಲಿ ಬಂತು. ನಾನು ಬಲ್ಲ ಪದ್ಧತಿಗಳಲ್ಲಿ ರೋಗಿಯ ಹಿತಕ್ಕೆ ನೇರವಾಗಿ ಮುಟ್ಟುವಂಥದ್ದು ಇದೇ.

ಪ್ರಶ್ನೆ: ಬಿಪಿಎಲ್ ಕಾರ್ಡುದಾರರಾದ ನನ್ನ ಮಾವನವರಿಗೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಪಿತ್ತಕೋಶ ಮತ್ತು ಹರ್ನಿಯಾದ ಶಸ್ತ್ರಚಿಕಿತ್ಸೆಗಳನ್ನು ಒಟ್ಟಿಗೆ ಮಾಡಿದರು. ಎರಡನೆಯದಕ್ಕೆ ಅರ್ಧ ಹಣವಷ್ಟೇ ಬರುತ್ತದೆಂದು ಆಸ್ಪತ್ರೆಯವರು ಗೊಣಗಿದರು. ಇದು ನಿಜವೇ?
– ಓದುಗರು, ಹಾಸನ

ಉತ್ತರ: ನಿಜ. ನಮ್ಮಲ್ಲಿ ಹಣ ಸಲ್ಲುವುದು ರೋಗಿಯ ಗುಂಪಿನ ಮೇಲಲ್ಲ, ಚಿಕಿತ್ಸೆಯ ಪ್ಯಾಕೇಜಿನ ಮೇಲೆ, ಅಂದರೆ ಆಯಾ ಚಿಕಿತ್ಸೆಗೆ ಮೊದಲೇ ನಿಗದಿಯಾದ ಒಟ್ಟು ದರದ ಮೇಲೆ. ಒಂದೇ ಸಲಕ್ಕೆ ಹಲವು ಶಸ್ತ್ರಚಿಕಿತ್ಸೆಗಳಾದರೆ ಹೆಚ್ಚು ದರದ್ದಕ್ಕೆ ಪೂರ್ತಿ, ಎರಡನೆಯದಕ್ಕೆ ಶೇ 50, ಮೂರನೆಯದಕ್ಕೆ ಶೇ 25 ಎಂಬುದು ರಾಷ್ಟ್ರೀಯ ಮಾರ್ಗಸೂಚಿ. ಅರಿವಳಿಕೆ, ಆಪರೇಷನ್ ಥಿಯೇಟರ್, ಹಾಸಿಗೆ ಎಲ್ಲವೂ ಒಂದೇ ಆಗಿರುವುದರಿಂದ ಈ ಕಡಿತ. ಅಮೆರಿಕದ ಪದ್ಧತಿಯಲ್ಲಾಗಿದ್ದರೆ ಇಂಥ ಎರಡರಲ್ಲಿ ಮೇಲಿನ ಶ್ರೇಣಿಯದನ್ನಷ್ಟೇ ಗುಂಪು ನಿರ್ಧರಿಸಲು ಪರಿಗಣಿಸುತ್ತಿದ್ದರು, ಇನ್ನೊಂದಕ್ಕೆ ಪ್ರತ್ಯೇಕ ಹಣವೇ ಇರುತ್ತಿರಲಿಲ್ಲ. ಆ ಉಳಿದರ್ಧವನ್ನು ನಿಮ್ಮ ಮಾವನವರಿಂದ ಕೇಳುವಂತಿಲ್ಲ. ಈಗಾಗಲೇ ಕೇಳಿ ಪಡೆದಿದ್ದರೆ ರಸೀದಿ ಇಟ್ಟುಕೊಂಡು 14555 ಸಹಾಯವಾಣಿಗೆ ದೂರು ಕೊಡಿ.