ಓದುಗರ ಗ್ಯಾರೇಜ್: ಮಣ್ಣಿಗಿಳಿಯೋಕೆ ಯಾವ ಗಾಡಿ ತಗೊಳ್ಲಿ?

ಪ್ರಶ್ನೆ: ಸರ್, ಸಕಲೇಶಪುರದ ಹತ್ರ ನಮ್ದು ಕಾಫಿ ತೋಟ. ನಾನು ಐದಡಿ ಆರಿಂಚು, ತೂಕ 68 ಕೆಜಿ. ತೋಟದ ರಸ್ತೇಲಿ ಓಡಾಡೋಕೆ, ಭಾನುವಾರ ಫ್ರೆಂಡ್ಸ್ ಜೊತೆ ಆಫ್‌ರೋಡ್ ಹೋಗೋಕೆ ಒಂದು ಹಗುರ ಎಂಡ್ಯೂರೋ (ಮಣ್ಣು, ಕಲ್ಲಿನ ಹಾದೀಲಿ ಓಡಿಸೋ ಬೈಕು) ಬೇಕು. ಕವಾಸಾಕಿ ಕೆಎಲ್‌ಎಕ್ಸ್ 230, ಹೀರೋ ಎಕ್ಸ್‌ಪಲ್ಸ್ 210, ಕೆಟಿಎಂ 390 ಎಂಡ್ಯೂರೋ ಆರ್, ಈ ಮೂರು ನೋಡಿ ನೋಡಿ ತಲೆ ಕೆಟ್ಟೋಗಿದೆ. ಪವರ್ ಜಾಸ್ತಿ ಇರೋದೇ ತಗೋ, ಆಮೇಲೆ ಕಮ್ಮಿ ಅನ್ಸತ್ತೆ ಅಂತಾರೆ ಎಲ್ರೂ. ನೀವೇನಂತೀರಾ?

ಉತ್ತರ: ಫ್ರೆಂಡ್ಸ್ ಹೇಳೋದು ಹೈವೇಗಾದ್ರೆ ಸರಿನೇ. ಆದ್ರೆ ತೋಟದ ಏರಲ್ಲಿ, ಮಳೆ ಬಿದ್ದ ಮಣ್ಣಲ್ಲಿ ನಿಮ್ಮ ಸ್ಪೀಡು ಇಪ್ಪತ್ತೋ ಮೂವತ್ತೋ ಇರತ್ತೆ, ಅಲ್ಲಿ 390ರ 46 ಪಿಎಸ್ ಪವರ್ ಇಟ್ಕೊಂಡು ಹೊಸಬರು ಮಾಡೋದು ಹಿಂದಿನ ಚಕ್ರ ತಿರುಗಿಸಿ ತಿರುಗಿಸಿ ಗುಂಡಿ ತೋಡೋ ಕೆಲ್ಸ ಅಷ್ಟೆ. ಪವರ್ ಕಮ್ಮಿ ಅನ್ಸಿದ್ರೆ ಒಂದು ಗೇರ್ ಇಳಿಸ್ಬಹುದು, ತೂಕ ಜಾಸ್ತಿ ಅನ್ಸಿದ್ರೆ ಏನಿಳಿಸ್ತೀರಾ?

ಕೆಎಲ್‌ಎಕ್ಸ್ 139 ಕೆಜಿ, ಎಕ್ಸ್‌ಪಲ್ಸ್ 168, ಕೆಟಿಎಂ 177. ಹಗುರದ್ದಕ್ಕೂ ಭಾರದ್ದಕ್ಕೂ 38 ಕೆಜಿ ವ್ಯತ್ಯಾಸ, ನಿಮ್ಮ ತೋಟದ ಲೆಕ್ಕದಲ್ಲಿ ಮುಕ್ಕಾಲು ಮೂಟೆ ಚೆರಿ ಕಾಫಿ ಕಟ್ಕೊಂಡು ಹೋದಂಗೆ. ಎಂಡ್ಯೂರೋ ಅಂದ್ಮೇಲೆ ಬೀಳೋದು ಗ್ಯಾರಂಟಿ. ಮೊದಲ್ನೇ ಸಲ ಎತ್ತೋದು ಯಾರಿಗಾದ್ರೂ ಆಗತ್ತೆ, ಐದನೇ ಸಲ ಹೆಲ್ಮೆಟ್ ಒಳಗೆ ಬೆವರು ಕಣ್ಣಿಗಿಳೀತಾ ಇರುವಾಗ, ಇಳಿಜಾರಲ್ಲಿ ಹ್ಯಾಂಡಲ್ ಕೆಳಗೆ ಚಕ್ರ ಮೇಲೆ ಆಗಿ ಬಿದ್ದಿರೋದನ್ನ ಒಬ್ರೇ ಎತ್ತೋಕಾಗತ್ತಾ ನೋಡಿ. ಹಾಗೆ ಬಿದ್ದಾಗ ನೇರ ಎತ್ತೋಕೆ ಹೋಗಿ ಸೊಂಟ ಹಿಡಿಸ್ಕೋಬೇಡಿ, ಎಂಜಿನ್ ಆಫ್ ಮಾಡಿ, ಮಲಗಿರೋ ಗಾಡೀನ ಹಾಗೇ ಎಳೆದು ತಿರುಗಿಸಿ ಚಕ್ರ ತಗ್ಗಿನ ಕಡೆಗೆ ಬರೋ ಹಂಗೆ ಮಾಡಿ, ಗೇರಲ್ಲಿ ಹಾಕ್ಬಿಟ್ಟು ಆಮೇಲೆ ಎತ್ತಿ. 139 ಕೆಜಿ ಗಾಡಿ ಒಬ್ಬರ ಕೈಗೆ ತಿರುಗತ್ತೆ. 177 ಆದ್ರೆ ಫ್ರೆಂಡ್‌ನ ಕೂಗ್ಬೇಕು, ಅವ್ರು ಅಷ್ಟೊತ್ತಿಗೆ ಮುಂದೆ ಎಲ್ಲಿರ್ತಾರೋ!

ಶೋರೂಮಿನ ಟೆಸ್ಟ್ ರೈಡು ಟಾರ್ ರೋಡಲ್ಲಿ ಒಂದು ಸುತ್ತು, ಅದ್ರಲ್ಲಿ ಸಸ್ಪೆನ್ಷನ್ ಬಗ್ಗೆ ಏನೂ ಗೊತ್ತಾಗಲ್ಲ. ಆದ್ರೂ ಸಿಕ್ಕಿದ್ದನ್ನ ಸುಮ್ನೆ ಬಿಡ್ಬೇಡಿ. ಫುಟ್‌ಪೆಗ್ ಮೇಲೆ ನಿಂತ್ಕೊಂಡು ಓಡಿಸಿ, ಹ್ಯಾಂಡಲ್ ಹಿಡಿಯೋಕೆ ಬೆನ್ನು ಬಗ್ಗಿಸ್ಬೇಕಾಗತ್ತಾ, ಮೊಣಕಾಲಲ್ಲಿ ಗಾಡಿ ಹಿಡ್ಕೊಳ್ಳೋಕೆ ಬರತ್ತಾ ನೋಡಿ. ಫಸ್ಟ್ ಗೇರಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ನಡಿಗೆ ವೇಗದಲ್ಲಿ ಹೋಗೋಕೆ ಬಿಡಿ. ಎಂಜಿನ್ ಕೆಮ್ಮದೆ ಎಳೀಬೇಕು, ಆಮೇಲೆ ಒಂಚೂರೇ ಚೂರು ಆಕ್ಸಿಲರೇಟರ್ ಕೊಟ್ರೆ ಜರ್ಕ್ ಹೊಡೀಬಾರ್ದು. ಕಲ್ಲಿನ ಏರಲ್ಲಿ ನಿಮ್ಮನ್ನ ದಾಟಿಸೋದು ಇದು.

ಇನ್ನೊಂದು ಕೆಲ್ಸ ಯಾರೂ ಮಾಡಲ್ಲ, ಟೈಲರ್ ಟೇಪ್ ತಗೊಂಡು ಸ್ಯಾಗ್, ಅಂದ್ರೆ ನೀವು ಕೂತಾಗ ಸಸ್ಪೆನ್ಷನ್ ಎಷ್ಟು ಇಳಿಯತ್ತೆ ಅಂತ ಅಳೆಯೋದು. ಹಿಂದಿನ ಚಕ್ರ ನೆಲ ಬಿಟ್ಟು ಎತ್ತಿ ನಿಲ್ಲಿಸಿ, ಆಕ್ಸಲ್‌ನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಮೇಲೊಂದು ಗುರುತು ಹಾಕಿ ಅಳೀರಿ, ಆಮೇಲೆ ಚಕ್ರ ನೆಲಕ್ಕಿಳಿಸಿ, ಬೂಟು ಗೀಟು ಎಲ್ಲ ಹಾಕ್ಕೊಂಡು ನೀವು ಗಾಡಿ ಮೇಲಿರಿ, ಇನ್ನೊಬ್ರು ಅದೇ ಎರಡು ಕಡೆ ಹಿಡಿದು ಅಳೀಲಿ. ಎಷ್ಟು ಇಳೀತೋ ಅದು ಸಸ್ಪೆನ್ಷನ್ ಪೂರ್ತಿ ಆಡೋ ದೂರದ, ಅಂದ್ರೆ ಒಟ್ಟು ಟ್ರಾವೆಲ್‌ನ ಮೂರನೇ ಒಂದು ಭಾಗದ ಆಸುಪಾಸು ಇರ್ಬೇಕು. ಕೆಎಲ್‌ಎಕ್ಸ್‌ದು ಹಿಂದೆ 250 ಮಿ.ಮೀ. ಟ್ರಾವೆಲ್, ಹಂಗಾಗಿ 80 ಮಿ.ಮೀ. ಹತ್ರ. ತುಂಬ ಇಳಿದ್ರೆ ಪ್ರೀಲೋಡ್, ಅಂದ್ರೆ ಹಿಂದಿನ ಸ್ಪ್ರಿಂಗ್ ಒತ್ತೋ ರಿಂಗು, ಬಿಗಿ ಮಾಡಿ, ಇಳೀಲೇ ಇಲ್ಲ ಅಂದ್ರೆ ಸಡಿಲ ಮಾಡಿ. ಗಾಡಿ ಸರಿಯಿಲ್ಲ ಅಂತ ಬೈಕೊಂಡು ಮಾರೋ ಎಷ್ಟೋ ಜನ ಈ ಅಳತೆ ಒಂದ್ಸಲಾನೂ ತೆಗೆದಿರಲ್ಲ.

ಸೀಟ್ ಎತ್ತರ ಕೆಎಲ್‌ಎಕ್ಸ್‌ದು 880 ಮಿ.ಮೀ., ಕೆಟಿಎಂದು 860, ಎಕ್ಸ್‌ಪಲ್ಸ್‌ದು 830. ನಿಮ್ಮ ಹೈಟಿಗೆ ಕೆಎಲ್‌ಎಕ್ಸಲ್ಲಿ ಎರಡೂ ಪಾದ ಪೂರ್ತಿ ಊರಲ್ಲ, ತಲೆ ಕೆಡಿಸ್ಕೋಬೇಡಿ, ಒಂದು ಕಡೆ ಜರುಗಿ ಒಂದೇ ಕಾಲು ಊರೋದು ಅಭ್ಯಾಸ ಆಗತ್ತೆ. ಅದು ಏರ್ ಕೂಲ್ಡ್ ಬೇರೆ, ಬಿದ್ದಾಗ ಕಲ್ಲು ಹೊಡೆದು ತೂತಾಗೋಕೆ ರೇಡಿಯೇಟರೇ ಇಲ್ಲ. ಟ್ಯಾಂಕ್ ಮಾತ್ರ 7.6 ಲೀಟರ್, ದೂರ ಹೋಗೋರಿಗೆ ಕಿರಿಕಿರಿ. 2024ರ ಕೊನೇಲಿ ಬಂದಾಗ 3.30 ಲಕ್ಷ ಇತ್ತು, ಆ ದುಡ್ಡಿಗೆ ನಾನೂ ಬೇಡ ಅಂತಿದ್ದೆ, 2025ರಲ್ಲಿ ಇಲ್ಲೇ ತಯಾರಾಗಿ 2 ಲಕ್ಷದ ಒಳಗೆ ಬಂದ್ಮೇಲೆ ಲೆಕ್ಕಾಚಾರನೇ ಬದಲಾಯ್ತು.

ಮಣ್ಣಿಗೆ ಮಾತ್ರ ಅಂದ್ರೆ ಕಣ್ಮುಚ್ಕೊಂಡು ಕೆಎಲ್‌ಎಕ್ಸ್. ಮನೇಲಿ ಇದೊಂದೇ ಗಾಡಿ, ಹಾಸನಕ್ಕೂ ಇದ್ರಲ್ಲೇ, ಹಿಂದೆ ಮನೆಯವ್ರೂ ಕೂರ್ಬೇಕು ಅಂದ್ರೆ ಎಕ್ಸ್‌ಪಲ್ಸ್ 210, 24.6 ಪಿಎಸ್ ನಿಮಗೆ ಧಾರಾಳ ಸಾಕು, ಪಾರ್ಟ್ಸ್ ಸಿಗೋದ್ರಲ್ಲೂ ಹೀರೋನೇ ಸಲೀಸು. 390 ಒಳ್ಳೇ ಗಾಡಿ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಮೊದಲ ಗಾಡಿಯಾಗಿ ಬೇಡ. ಉಳಿಯೋ ದುಡ್ಡಲ್ಲಿ ಮೊದ್ಲು ಒಳ್ಳೇ ಮೋಟೋಕ್ರಾಸ್ ಬೂಟು, ನೀ ಗಾರ್ಡ್ ತಗೊಳ್ಳಿ. ಗಂಬೂಟಲ್ಲಿ ಆಫ್‌ರೋಡ್ ಹೋಗೋರನ್ನ ನಿಮ್ ಕಡೆ ಬೇಕಾದಷ್ಟು ನೋಡಿದೀನಿ, ಗಾಡಿ ಕಾಲ್ಮೇಲೆ ಬಿದ್ರೆ ಗಂಬೂಟು ಏನೂ ತಡೆಯಲ್ಲ.

ಪ್ರಶ್ನೆ: ನನ್ನ ಹೈಟ್ ಐದಡಿ ಎರಡಿಂಚ್ ಐತ್ರಿ, ಊರು ಹುಬ್ಬಳ್ಳಿ. ಆಫ್‌ರೋಡ್ ಕಲೀಬೇಕಂತ ಭಾಳ ಆಸೆ ಐತಿ, ಮನ್ಯಾಗ ಎಲ್ಲಾರೂ ನಗತಾರ. ಗಾಡಿ ತಗೊಂಡು ಎತ್ತರ ಕಡಿಮಿ ಮಾಡ್ಸಿದ್ರ ನಡೀತದೇನ್ರಿ?

ಉತ್ತರ: ನಗೋರು ನಗ್ಲಿ ಬಿಡಿ ಮೇಡಂ. 2019ರಲ್ಲಿ ಆಫ್‌ರೋಡ್ ಬೈಕ್ ರ‍್ಯಾಲಿಗಳ ಬಾಜಾಸ್ ವರ್ಲ್ಡ್ ಕಪ್ ಮಹಿಳಾ ವಿಭಾಗ ಗೆದ್ದಿದ್ದು ನಮ್ಮ ಬೆಂಗಳೂರಿನ ಐಶ್ವರ್ಯ ಪಿಸ್ಸೆ. ಹಿಂದಿನ ಸಸ್ಪೆನ್ಷನ್ ತಗ್ಗಿಸೋ ಲೋವರಿಂಗ್ ಲಿಂಕ್ ಹಾಕೋ ಆತುರ ಬೇಡ, ಗ್ರೌಂಡ್ ಕ್ಲಿಯರೆನ್ಸ್ ಹೋಗತ್ತೆ, ಹಿಂಭಾಗ ಒಂದೇ ತಗ್ಗಿ ಮುಂದಿನ ಚಕ್ರ ತಿರುಗಿಸೋದೂ ಭಾರ ಆಗತ್ತೆ. ಬೇಕಿದ್ರೆ ಸೀಟಿನ ಫೋಮ್ ಒಂದಿಂಚು ಕೊಯ್ಸಿ, ಸಾಕು. ಅದಕ್ಕೂ ಮೊದ್ಲು ಗಾಡಿ ತಗೊಳ್ದೇನೇ ಎಲ್ಲಾದ್ರೂ ಟ್ರೈನಿಂಗ್ ಮಾಡಿ. 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೋಲಾರದ ಹತ್ರ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದ್ದಾರೆ, ಕಲಿಯೋಕೆ ನಿಮ್ಮ ಹೈಟಿನ ಗಾಡಿ ಕೊಡ್ತಾರಾ ಅಂತ ಫೋನ್ ಮಾಡಿ ಕೇಳಿ.

ಪ್ರಶ್ನೆ: ವಿಡಿಯೋ ನೋಡಿ ಟೈರಲ್ಲಿ ಗಾಳಿ 8 ಪಿಎಸ್‌ಐಗೆ ಇಳಿಸ್ದೆ, ಗ್ರಿಪ್ ಸೂಪರ್, ಆದ್ರೆ ಪ್ರತಿ ಸಲ ಹಿಂದಿನ ಟ್ಯೂಬ್ ಪಂಚರ್. ಯಾಕೆ? (ಓದುಗರು, ಮೂಡಿಗೆರೆ)

ಉತ್ತರ: ಪಂಚರ್ ಹಾಕೋ ಹುಡುಗನ್ನ ಕೇಳಿ, ಟ್ಯೂಬಲ್ಲಿ ಅಕ್ಕಪಕ್ಕ ಎರಡು ತೂತಿತ್ತಾ ಅಂತ. ಇದ್ರೆ ಕಲ್ಲಿಗೂ ರಿಮ್ಮಿಗೂ ಮಧ್ಯೆ ಸಿಕ್ಕಿ ಜಜ್ಜಿದೆ ಅಂತ ಅರ್ಥ. ವಾಲ್ವ್ ಬುಡದಲ್ಲಿ ಕಿತ್ತಿದ್ರೆ ಟೈರು ರಿಮ್ ಮೇಲೆ ಜಾರಿದೆ. ಮಾಮೂಲಿ ಟ್ಯೂಬಿಗೆ 15ರಿಂದ 18 ಸಾಕು, ಅದಕ್ಕಿಂತ ಇಳಿಸ್ಬೇಕಂದ್ರೆ ದಪ್ಪ ಟ್ಯೂಬು, ಟೈರನ್ನ ರಿಮ್ಮಿಗೆ ಬಿಗಿಯಾಗಿ ಹಿಡಿಯೋ ರಿಮ್ ಲಾಕ್ ಹಾಕ್ಸಿ. ಟಾರ್ ರೋಡಿಗೆ ಬರೋ ಮೊದ್ಲು ವಾಪಸ್ ಗಾಳಿ ತುಂಬಿ.

ಪ್ರಶ್ನೆ: ಲೈಟು, ನಂಬರ್ ಪ್ಲೇಟ್ ಏನೂ ಇಲ್ದಿರೋ ಕೆಎಲ್‌ಎಕ್ಸ್ 230ಆರ್‌ಎಸ್ ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ. ಊರ ಪಕ್ಕದ ಕಾಡಲ್ಲಿ ಓಡಿಸೋಕೆ ಪರ್ವಾಗಿಲ್ವಾ? (ಓದುಗರು, ಶೃಂಗೇರಿ)

ಉತ್ತರ: ಕಾಡಲ್ಲಿ ಬೇಡ್ವೇ ಬೇಡ. ರಿಸರ್ವ್ ಫಾರೆಸ್ಟ್ ಒಳಗೆ ಪರ್ಮಿಷನ್ ಇಲ್ದೆ ಹೋದ್ರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಕೇಸು, ಗಾಡಿಗೆ ನಂಬರ್ ಇದ್ರೂ ಅಷ್ಟೆ ಇಲ್ದಿದ್ರೂ ಅಷ್ಟೆ. ಇನ್ನು ಈ ಗಾಡಿ ರಿಜಿಸ್ಟ್ರೇಷನ್ ಆಗಲ್ಲ, ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ರಿಜಿಸ್ಟರ್ ಆಗ್ದಿರೋದನ್ನ ಸಾರ್ವಜನಿಕ ಜಾಗದಲ್ಲಿ ಓಡಿಸಂಗಿಲ್ಲ, ಮನೆಯಿಂದ ತೋಟಕ್ಕೆ ಊರ ರಸ್ತೆ ದಾಟ್ಬೇಕು ಅಂದ್ರೂ ಪಿಕಪ್ಪಲ್ಲಿ ಹೇರ್ಕೊಂಡೇ ಹೋಗ್ಬೇಕು. ಸ್ವಂತ ಜಮೀನು ನಾಲ್ಕೈದು ಎಕರೆ ಇದ್ದು ಅಲ್ಲೇ ಟ್ರ್ಯಾಕ್ ಮಾಡ್ಕೊಳ್ಳೋದಾದ್ರೆ ತಗೊಳ್ಳಿ. ಕೊಳ್ಳೋ ಮುಂಚೆ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ, ಮಧ್ಯದಲ್ಲಿ ಟಕ್ ಅಂತ ಹಿಡ್ಕೊಂಡ್ರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಏರ್ ಫಿಲ್ಟರ್ ಬಿಚ್ಚಿಸಿ, ಅದ್ರ ಹಿಂದೆ ಎಂಜಿನ್ ಕಡೆ ಪೈಪಲ್ಲಿ ಬೆರಳಾಡಿಸಿ, ಧೂಳು ಕೈಗೆ ಹತ್ತಿದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ.