ಪನೀರ್ ಚಾಕೊಲೇಟ್ ಸಿಹಿ ತರಿತರಿ ಆಗುವುದೇಕೆ?

ಕಲಬುರಗಿಯಲ್ಲಿ ಕೂತು ಆಹಾರ ಸಲಹೆ ಕೊಡಲು ಶುರು ಮಾಡಿ ಬಹಳ ವರ್ಷವಾಯಿತು. ಮೊದಲೆಲ್ಲ ಬರುತ್ತಿದ್ದ ಪ್ರಶ್ನೆ ಶುಗರ್, ಬಿಪಿ, ಅಸಿಡಿಟಿ. ಈಗ ಬರುವ ಹತ್ತರಲ್ಲಿ ನಾಲ್ಕು ಪ್ರಶ್ನೆ ಪ್ರೋಟೀನ್ ಬಗ್ಗೆ, ಅದರಲ್ಲೂ ಪನೀರ್ ಮತ್ತು ಚಾಕೊಲೇಟ್ ಸೇರಿಸಿ ಮಾಡುವ ಸಿಹಿ ಬಗ್ಗೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಬೇರೆ ಎಲ್ಲ ಪ್ರಶ್ನೆಗಳನ್ನು ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ವಿಡಿಯೊದಲ್ಲಿ ಕಾಟೇಜ್ ಚೀಸ್, ಕೋಕೋ ಪುಡಿ, ಜೇನು ಮಿಕ್ಸಿಗೆ ಹಾಕಿ ತಿರುವಿದರೆ ಬೆಣ್ಣೆ ಹಾಗೆ ನುಣ್ಣಗಾಗುತ್ತದೆ. ನಾನು ಅಂಗಡಿಯ ಪನೀರ್ ತಂದು ಮೂರು ಸಲ ಮಾಡಿದೆ, ಮೂರೂ ಸಲ ರವೆ ತಿಂದ ಹಾಗಾಯಿತು. ಮಕ್ಕಳು ಬಾಯಿಗೇ ಇಡಲಿಲ್ಲ. ಒಂದು ಕಪ್ಪಿನಲ್ಲಿ 25 ಗ್ರಾಂ ಪ್ರೋಟೀನ್ ಅಂತಾರೆ, ಅದಾದರೂ ನಿಜವಾ ಮೇಡಂ? (ಸೇಡಂನಿಂದ ಒಬ್ಬ ತಾಯಿ)

ಉತ್ತರ: ತಪ್ಪು ನಿಮ್ಮ ಕೈಯದಲ್ಲಮ್ಮ, ಪದಾರ್ಥದ್ದು. ಆ ವಿಡಿಯೊದ ಕಾಟೇಜ್ ಚೀಸ್ ಬೇರೆ, ನಮ್ಮ ಪನೀರ್ ಬೇರೆ. ನಮ್ಮಲ್ಲಿ ಪನೀರ್ ಪ್ಯಾಕೆಟ್ ಮೇಲೂ, ಹೋಟೆಲ್ ಮೆನುವಿನಲ್ಲೂ ಪನೀರಿಗೆ ಕಾಟೇಜ್ ಚೀಸ್ ಅಂತ ಬರೆದು ಬರೆದು ಎರಡೂ ಒಂದೇ ಅಂತ ಎಲ್ಲರೂ ನಂಬಿದ್ದಾರೆ. ಇನ್ನು ಕೆಲವರು ಅದನ್ನು ಕನ್ನಡದಲ್ಲಿ 'ಗಿಣ್ಣು' ಅಂತ ಬರೆಯುತ್ತಾರೆ, ಅದು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಗಿಣ್ಣು ಅಂದರೆ ಎಮ್ಮೆಯೋ ಆಕಳೋ ಈದ ಮೊದಲ ದಿನಗಳ ಹಾಲು. ಅದಕ್ಕೂ ಚೀಸಿಗೂ ಏನು ಸಂಬಂಧ?

ಅಮೆರಿಕದ ಕಡೆ ಸಿಗುವ ಕಾಟೇಜ್ ಚೀಸ್ ಅಂದರೆ ಒತ್ತದೆ ಬಿಟ್ಟ, ನೀರು ನೀರಾಗಿರುವ ಮೆತ್ತನೆ ಕಾಳುಗಳು. ಮೇಲೆ ಸ್ವಲ್ಪ ಕೆನೆ ಬೆರೆಸಿರುತ್ತಾರೆ. 100 ಗ್ರಾಮಿಗೆ ಸುಮಾರು 11 ಗ್ರಾಂ ಪ್ರೋಟೀನ್, 4 ಗ್ರಾಂ ಕೊಬ್ಬು, ಹತ್ತಿರ ಹತ್ತಿರ 100 ಕ್ಯಾಲೊರಿ. ನಮ್ಮ ಪನೀರ್ ಅಂದರೆ ಒಡೆದ ಹಾಲನ್ನು ಬಟ್ಟೆಯಲ್ಲಿ ಕಟ್ಟಿ ಭಾರ ಹೇರಿ ನೀರು ಹಿಂಡಿದ್ದು. 100 ಗ್ರಾಮಿಗೆ 18ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ, ಆದರೆ ಕೊಬ್ಬೂ ಅಷ್ಟೇ ಇರುತ್ತದೆ, ಕೆಲವು ಪ್ಯಾಕೆಟ್‌ಗಳಲ್ಲಿ ಅದಕ್ಕಿಂತ ಜಾಸ್ತಿ. ಅವರು ಒಂದು ಕಪ್, ಅಂದರೆ ಸುಮಾರು 225 ಗ್ರಾಂ ಹಾಕುವ ಜಾಗದಲ್ಲಿ ನೀವು ಅಷ್ಟೇ ತೂಕದ ಪನೀರ್ ಹಾಕಿದರೆ ಅವರ 220 ಕ್ಯಾಲೊರಿ ನಿಮ್ಮಲ್ಲಿ 600 ಆಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ.

ಈಗ ತರಿಯ ವಿಷಯ. ಒಮ್ಮೆ ಒತ್ತಿ ಫ್ರಿಜ್‌ನಲ್ಲಿ ತಣ್ಣಗಾದ ಪನೀರಿನಲ್ಲಿ ಹಾಲಿನ ಪ್ರೋಟೀನ್ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಮಿಕ್ಸಿ ಅದನ್ನು ಕತ್ತರಿಸುತ್ತದೆ, ಕರಗಿಸುವುದಿಲ್ಲ. ದೊಡ್ಡ ತುಂಡು ಚಿಕ್ಕದಾಗುತ್ತದೆ, ಚಿಕ್ಕದು ರವೆ ಆಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಹತ್ತು ನಿಮಿಷ ತಿರುವಿದರೂ ಅಷ್ಟೇ, ಮಿಕ್ಸಿ ಮೋಟಾರ್ ಸುಡುತ್ತದೆ. ಅದಕ್ಕೆ ಅಂಗಡಿ ಪನೀರ್ ಬಿಡಿ. ಮನೆಯಲ್ಲಿ ಹಾಲು ಒಡೆಸಿ, ಒತ್ತದೆ, ಬಿಸಿ ಆರುವ ಮೊದಲೇ ಮಿಕ್ಸಿಗೆ ಹಾಕಿ. ಬಂಗಾಳಿಗಳು ರಸಗುಲ್ಲಕ್ಕೆ ಬಳಸುವ ಛೇನಾ ಇದೇ. ವಿಡಿಯೊದ ಕಾಟೇಜ್ ಚೀಸಿಗೆ ನಮ್ಮಲ್ಲಿ ಸಿಗುವ ಹತ್ತಿರದ ನೆಂಟ ಇದೇ ಹೊರತು ಪನೀರ್ ಅಲ್ಲ.

ಹಾಲು ಒಡೆಸುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಎಲ್ಲರೂ ಮಾಡುವ ಎರಡು ತಪ್ಪು ಹೇಳುತ್ತೇನೆ. ಒಂದು, ಕೊತಕೊತ ಕುದಿಯುವಾಗಲೇ ಲಿಂಬೆ ಹಿಂಡುವುದು. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಲಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಚಮಚ ಚಮಚವಾಗಿ ಹಾಕಿ. ಎರಡು, ಒಡೆದ ಮೇಲೂ ಹುಳಿ ಹಾಕುತ್ತಲೇ ಇರುವುದು. ಹಳದಿ ಮಿಶ್ರಿತ ಹಸಿರು ನೀರು ಬಿಟ್ಟಿತು ಅಂದರೆ ಕೈ ನಿಲ್ಲಿಸಬೇಕು. ಬಿಸಿ ಜಾಸ್ತಿ, ಹುಳಿ ಜಾಸ್ತಿ ಆದರೆ ಕಾಳು ರಬ್ಬರ್ ಆಗುತ್ತದೆ, ಆಮೇಲೆ ಏನು ಮಾಡಿದರೂ ಮೆತ್ತಗಾಗುವುದಿಲ್ಲ. ತಕ್ಷಣ ಒಂದು ಲೋಟ ತಣ್ಣೀರು ಸುರಿದು, ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವಷ್ಟು ತೊಳೆದು, ಹದಿನೈದು ನಿಮಿಷ ನಲ್ಲಿಗೆ ನೇತುಹಾಕಿ. ಹಿಂಡಬೇಡಿ. ಕೈಗೆ ಇನ್ನೂ ಬೆಚ್ಚಗೆ, ಒದ್ದೆಯಾಗಿ ಅನಿಸಬೇಕು.

ನನ್ನ ಅಳತೆ ಇಷ್ಟು. ಒಂದು ಲೀಟರ್ ನೀಲಿ ಪ್ಯಾಕೆಟ್ ಹಾಲು. ಅದು ಟೋನ್ಡ್ ಹಾಲು, ಕೊಬ್ಬು 3 ಶೇಕಡ. ಗಟ್ಟಿ ಎಮ್ಮೆ ಹಾಲು ಬೇಡ, ರುಚಿ ಚೆನ್ನಾಗಿರುತ್ತದೆ ನಿಜ, ಆದರೆ ನೀವು ಪ್ರೋಟೀನ್ ಕೇಳಿದಿರಿ, ಬೆಣ್ಣೆ ಕೇಳಲಿಲ್ಲ. ಕೋಕೋ ಪುಡಿ ಎರಡು ದೊಡ್ಡ ಚಮಚ, ಸಕ್ಕರೆ ಮೂರು ದೊಡ್ಡ ಚಮಚ, ಡಾರ್ಕ್ ಚಾಕೊಲೇಟ್ 50 ಗ್ರಾಂ, ಹಾಲು 80 ಎಂ.ಎಲ್., ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಚಾಕೊಲೇಟ್ ರುಚಿ ಎದ್ದು ಬರುವುದೇ ಅದರಿಂದ. ಕೋಕೋ ಪುಡಿಯನ್ನು ಹಾಗೇ ಮಿಕ್ಸಿಗೆ ಸುರಿಯಬೇಡಿ. ಆ 80 ಎಂ.ಎಲ್. ಹಾಲನ್ನು ಸಕ್ಕರೆ ಸಮೇತ ಕುದಿಸಿ, ಕೋಕೋ ಹಾಕಿ, ಗಂಟಿಲ್ಲದ ಹಾಗೆ ಕಲಸಿ ಒಂದು ನಿಮಿಷ ಬೇಯಿಸಿ. ಹಸಿ ಪುಡಿ ವಾಸನೆ ಹೋಗುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಒಲೆಯಿಂದ ಇಳಿಸಿ ಅದೇ ಬಿಸಿಗೆ ಚಾಕೊಲೇಟ್ ಚೂರು ಹಾಕಿ ಮುಚ್ಚಿಡಿ, ತಾನೇ ಕರಗುತ್ತದೆ. ಚಾಕೊಲೇಟ್ ಮಾತ್ರ ಬೇರೆ ಪಾತ್ರೆಯಲ್ಲಿ ಕರಗಿಸಲು ಹೋದರೆ ಒಂದು ಹನಿ ನೀರು ಬಿದ್ದರೂ ಅದು ಮಣ್ಣಿನ ಹೆಂಟೆ ಹಾಗೆ ಗಟ್ಟಿಯಾಗುತ್ತದೆ. ಹನಿ ನೀರು ಕೆಡಿಸುತ್ತದೆ, ಧಾರಾಳ ಹಾಲು ಕೆಡಿಸುವುದಿಲ್ಲ.

ಮೊದಲು ಬೆಚ್ಚಗಿನ ಛೇನಾವನ್ನು ಒಂದೆರಡು ಚಮಚ ಹಾಲಿನ ಜೊತೆ ಚಟ್ನಿ ಜಾರಿನಲ್ಲಿ ಒಂಟಿಯಾಗಿ ತಿರುವಿ. ಅರ್ಧ ನಿಮಿಷ ತಿರುವಿ, ನಿಲ್ಲಿಸಿ, ಗೋಡೆ ಕೆರೆದು, ಮತ್ತೆ ತಿರುವಿ. ಬೆರಳ ನಡುವೆ ತಿಕ್ಕಿದರೆ ತರಿ ಸಿಗಬಾರದು. ಆಮೇಲೇ ಬಿಸಿ ಚಾಕೊಲೇಟ್ ಸಾರು. ಎರಡೂ ಬೆಚ್ಚಗಿರಬೇಕು. ತಣ್ಣನೆ ಪನೀರಿಗೆ ಕರಗಿದ ಚಾಕೊಲೇಟ್ ಹಾಕಿದರೆ ಅದು ಬಿದ್ದಲ್ಲೇ ಹೆಪ್ಪುಗಟ್ಟಿ ಚೂರು ಚೂರಾಗುತ್ತದೆ. ನಿಮ್ಮ ಮೂರು ಸಲದಲ್ಲಿ ಒಂದು ಸಲವಾದರೂ ಹೀಗೇ ಆಗಿರುತ್ತದೆ. ನಾಲ್ಕು ಬಟ್ಟಲಿಗೆ ಹಾಕಿ ಮೂರು ತಾಸು ಫ್ರಿಜ್‌ನಲ್ಲಿಡಿ. ಮೇಲೆ ಹುರಿದ ಶೇಂಗಾ ಒಡೆದು ಉದುರಿಸಿ. ಬಾದಾಮಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ, ಪ್ರೋಟೀನ್ ಲೆಕ್ಕದಲ್ಲಿ ಶೇಂಗಾ ಅದಕ್ಕಿಂತ ಕಡಿಮೆ ಏನಲ್ಲ.

ಚಾಕೊಲೇಟ್ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಕೋಕೋ ಬೆಣ್ಣೆ ಬದಲು ವನಸ್ಪತಿ ಕೊಬ್ಬು ಅಂತಿದ್ದರೆ ಅದು ಅಸಲಿ ಚಾಕೊಲೇಟ್ ಅಲ್ಲ, ಕಾಂಪೌಂಡ್. ಬೇಕರಿ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗಟ್ಟಿಗಳು ಹೆಚ್ಚಿನವು ಅದೇ.

ಇನ್ನು 25 ಗ್ರಾಮಿನ ಮಾತು. ಒಂದು ಲೀಟರ್ ಹಾಲಿನಲ್ಲಿ ಇರುವ ಪ್ರೋಟೀನೇ ಸುಮಾರು 32 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಸೋಸಿದ ನೀರಿನಲ್ಲಿ ಹೋಗುತ್ತದೆ. ಉಳಿದದ್ದು 25, ಅದಕ್ಕೆ ಚಾಕೊಲೇಟ್, ಕೋಕೋ, ಮೇಲಿನ ಹಾಲು ಎಲ್ಲ ಸೇರಿ 8 ಅಂತ ಹಿಡಿಯಿರಿ. 33 ಗ್ರಾಂ. ನಾಲ್ಕು ಬಟ್ಟಲಿಗೆ ಹಂಚಿದರೆ ಬಟ್ಟಲಿಗೆ 8 ಗ್ರಾಂ, ಸುಮಾರು 220 ಕ್ಯಾಲೊರಿ. ವಿಡಿಯೊದವರ 25 ಗ್ರಾಂ ಬರುವುದು ಪೂರ್ತಿ ಕಪ್ ಕಾಟೇಜ್ ಚೀಸ್ ಒಬ್ಬರೇ ತಿಂದಾಗ. ಹಾಲಿನಲ್ಲಿ ಇಲ್ಲದ ಪ್ರೋಟೀನ್ ಮಿಕ್ಸಿಯಲ್ಲಿ ಹುಟ್ಟುವುದಿಲ್ಲ. ಆದರೂ 8 ಗ್ರಾಂ ಸಣ್ಣದಲ್ಲ, ಬೆಳೆಯುವ ಮಗುವಿಗೆ ಐಸ್‌ಕ್ರೀಮ್ ಬದಲು ಇದನ್ನು ಕೊಡಿ ಅಂತ ನಾನೇ ಹೇಳುತ್ತೇನೆ. ಸೋಸಿದ ನೀರು ಚೆಲ್ಲಬೇಡಿ, ರೊಟ್ಟಿ ಹಿಟ್ಟು ನಾದಲು, ಬೇಳೆ ಬೇಯಿಸಲು ಬರುತ್ತದೆ.

ಒಂದು ಎಚ್ಚರಿಕೆ ಇದೆ. ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ನಾನು ಬಿಡಿ ಪನೀರ್ ಮನೆಗೆ ತರುವುದಿಲ್ಲ. ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಕರೆಂಟ್ ಯಾವಾಗ ಹೋಗಿ ಯಾವಾಗ ಬರುತ್ತದೋ ಹೇಳಲಾಗದು. ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ ನನ್ನ ತಮ್ಮನ ಮನೆಯಲ್ಲಿ ಬಿಡಿ ಪನೀರ್ ತಿಂದು ಮೂವರು ಮಲಗಿದರು, ಅದರಲ್ಲಿ ಒಂದು ನಾಲ್ಕು ವರ್ಷದ ಮಗು. ರಾತ್ರಿಯಿಡೀ ಅದಕ್ಕೆ ಚಮಚದಲ್ಲಿ ಓಆರ್‌ಎಸ್ ಕುಡಿಸಿದ್ದು ನಾನೇ. ಪನೀರಿಗೆ ವಾಸನೆ ಬಂದಿರಲಿಲ್ಲ, ಬಣ್ಣವೂ ಕೆಟ್ಟಿರಲಿಲ್ಲ. ಅದಕ್ಕೇ ಹೇಳುವುದು, ಮೂಸಿ ನೋಡಿ ಒಳ್ಳೆಯದು ಅಂತ ತೀರ್ಮಾನ ಮಾಡಬೇಡಿ. ಈ ಸಿಹಿಯನ್ನೂ ಮಾಡಿದ ದಿನ, ಹೆಚ್ಚೆಂದರೆ ಮಾರನೇ ದಿನ ಮುಗಿಸಿ. ನಾಲ್ಕೈದು ತಾಸು ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗಿದ್ದರೆ ಚೆಲ್ಲಿಬಿಡಿ, ಹೊಟ್ಟೆ ಉರಿದರೂ ಪರವಾಗಿಲ್ಲ.

ಪ್ರಶ್ನೆ: ನಕಲಿ ಪನೀರ್ ಪತ್ತೆಗೆ ತೊಗರಿ ಬೇಳೆ ಪುಡಿ ಹಾಕಿ ಕೆಂಪಾದರೆ ಯೂರಿಯಾ ಇದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಮಾಡಲೇ? (ಹುಮನಾಬಾದ)

ಉತ್ತರ: ಬೇಡ, ಬೇಳೆ ಪುಡಿ ಕೆಂಪಾಯಿತೋ ಇಲ್ಲವೋ ನೋಡಿ ಯೂರಿಯಾ ಪತ್ತೆ ಆಗುವುದಿಲ್ಲ. ಟಿಂಚರ್ ಅಯೋಡಿನ್ ಹಾಕಿ ನೋಡುವುದಕ್ಕೆ ಅರ್ಥವಿದೆ. ಪನೀರ್ ಚೂರನ್ನು ನೀರಲ್ಲಿ ಕುದಿಸಿ, ಆರಿಸಿ, ಎರಡು ಹನಿ ಹಾಕಿ. ನೀಲಿ ಬಣ್ಣ ಬಂದರೆ ಪಿಷ್ಟ ಬೆರೆಸಿದ್ದಾರೆ. ಆದರೆ ನೀಲಿ ಬರಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತ ತಿಳಿಯಬೇಡಿ. ಹಾಲಿನ ಕೊಬ್ಬು ತೆಗೆದು ತಾಳೆ ಎಣ್ಣೆ ತುಂಬಿದ್ದರೆ ಅಯೋಡಿನ್‌ಗೆ ಅದು ಗೊತ್ತಾಗುವುದಿಲ್ಲ. ಅಂಥದ್ದಕ್ಕೆ ಅನಲಾಗ್ ಅಂತಾರೆ, ಲೇಬಲ್ ಮೇಲೆ ಹಾಗಂತ ಬರೆದೇ ಮಾರಬೇಕು ಎಂಬುದು ನಿಯಮ. ಬಿಡಿಯಾಗಿ ಮಾರುವಾಗ ಲೇಬಲ್ ಎಲ್ಲಿಂದ ಬರಬೇಕು?

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಅಥವಾ ಖರ್ಜೂರ ಹಾಕಿದರೆ ಶುಗರ್ ಇದ್ದವರು ಎಷ್ಟು ಬೇಕಾದರೂ ತಿನ್ನಬಹುದಲ್ವಾ?

ಉತ್ತರ: ಇಲ್ಲ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ರಕ್ತ ಎರಡನ್ನೂ ಒಂದೇ ಎಂದು ಎಣಿಸುತ್ತದೆ. 'ನಮ್ಮ ಬೆಲ್ಲ ತಿಂದರೆ ಶುಗರ್ ಇಳಿಯುತ್ತದೆ' ಅಂತ ಮಾರುವವರ ಮಾತು ಕೇಳಿ ಮಾತ್ರೆ ಬಿಟ್ಟು, ಕಾಲಿನ ಹುಣ್ಣು ಹೊತ್ತು ನನ್ನೆದುರು ಕೂತವರನ್ನು ನೋಡಿದ್ದೇನೆ. ಶುಗರ್ ಇದ್ದವರು ಈ ಅಳತೆಯಲ್ಲಿ ಸಕ್ಕರೆ ಅರ್ಧ ಮಾಡಿ, ಅರ್ಧ ಬಟ್ಟಲು, ಊಟದ ಭಾಗವಾಗಿ, ಅಪರೂಪಕ್ಕೆ ತಿನ್ನಲಿ.

ಪ್ರಶ್ನೆ: ಹಾಲು, ಚಾಕೊಲೇಟ್ ಒಟ್ಟಿಗೆ ತಿಂದರೆ ತೊನ್ನು ಬರುತ್ತಾ?

ಉತ್ತರ: ಬರುವುದಿಲ್ಲ. ಯಾವ ಎರಡು ಊಟ ಸೇರಿಸಿ ತಿಂದರೂ ತೊನ್ನು ಬರುವುದಿಲ್ಲ.

ಪ್ರಶ್ನೆ: ಪ್ರೋಟೀನ್ ಪೌಡರ್ ಎರಡು ಚಮಚ ಸೇರಿಸಲೇ?

ಉತ್ತರ: ಬಿಸಿಗೆ ಹಾಕಿದರೆ ಗಂಟಾಗುತ್ತದೆ, ಮತ್ತು ನಿಮಗೆ ಬೇಕಾಗಿಯೂ ಇಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಕ್ರಿಯಾಟಿನಿನ್ ಜಾಸ್ತಿ ಇದೆ. ಶಕ್ತಿಗೆ ಇದನ್ನು ದಿನಾ ಕೊಡಲೇ? (ಶಹಾಪುರ)

ಉತ್ತರ: ಬೇಡ, ದಯವಿಟ್ಟು ಬೇಡ. ಕ್ರಿಯಾಟಿನಿನ್ ಜಾಸ್ತಿ ಅಂದರೆ ಕಿಡ್ನಿ ಸೋತಿರಬಹುದು ಅಂತ ಸೂಚನೆ. ಕಿಡ್ನಿ ಸೋತವರಿಗೆ ಪ್ರೋಟೀನ್ ಎಷ್ಟು ಅಂತ ಅವರ ರಿಪೋರ್ಟ್ ನೋಡಿಯೇ ಹೇಳಬೇಕು. ಪನೀರಿನಲ್ಲಿ ರಂಜಕ, ಕೋಕೋದಲ್ಲಿ ಪೊಟ್ಯಾಶಿಯಂ ಇರುತ್ತದೆ, ಎರಡೂ ಅವರಿಗೆ ಭಾರ. ಕಿಡ್ನಿ ಡಾಕ್ಟರನ್ನು ಕೇಳದೆ ಒಂದು ಚಮಚವೂ ಕೊಡಬೇಡಿ.

ಪ್ರಶ್ನೆ: ರಾತ್ರಿ ಊಟ ಬಿಟ್ಟು ಇದೊಂದೇ ತಿಂದರೆ ತೂಕ ಇಳಿದು ಪ್ರೋಟೀನೂ ಸಿಗುತ್ತದೆ ಅಂತ ಜಿಮ್‌ನಲ್ಲಿ ಹೇಳಿದರು. (ಕಲಬುರಗಿ)

ಉತ್ತರ: ಹೇಳಿದವರು ನಿಮ್ಮ ಮನೆಯ ತಟ್ಟೆ ನೋಡಿಲ್ಲ. ಎರಡು ಜೋಳದ ರೊಟ್ಟಿ, ಅಂದರೆ 100 ಗ್ರಾಂ ಹಿಟ್ಟು ಹಿಡಿದರೆ 10 ಗ್ರಾಂ ಪ್ರೋಟೀನ್. 30 ಗ್ರಾಂ ತೊಗರಿ ಬೇಳೆಯ ಗಟ್ಟಿ ಪಪ್ಪು 6 ಗ್ರಾಮಿಗಿಂತ ಜಾಸ್ತಿ. ಎರಡು ಚಮಚ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿ ಪುಡಿ, 4 ಗ್ರಾಂ. ಒಟ್ಟು 20. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಬೇಳೆಯಲ್ಲಿ ಜಾಸ್ತಿ ಇದೆ, ಅದಕ್ಕೇ ಎರಡೂ ಒಂದೇ ತಟ್ಟೆಯಲ್ಲಿ ಇರಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕದಲ್ಲಿ ಆರೋಗ್ಯವಂತರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು, 60 ಕಿಲೋ ಇದ್ದರೆ 50 ಗ್ರಾಂ. ನೀವು ಒಂದು ಊಟದಲ್ಲೇ ಅದರ ಐದರಲ್ಲಿ ಎರಡು ಪಾಲು ಮುಟ್ಟುತ್ತೀರಿ. 2019ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು) ಪಡೆದ ತೊಗರಿ ನಮ್ಮ ಹೊಲದಲ್ಲೇ ಬೆಳೆಯುತ್ತಿದೆ. ಅದನ್ನು ಬಿಟ್ಟು 8 ಗ್ರಾಮಿನ ಬಟ್ಟಲು ಹಿಡಿದು ಹಸಿದು ಮಲಗಬೇಡಿ. ಮೊದಲು ರೊಟ್ಟಿ, ಬೇಳೆ ಉಣ್ಣಿ. ಬಟ್ಟಲು ಭಾನುವಾರ ಮಾಡಿಕೊಳ್ಳಿ.