ಕರ್ಬಲ್ ಸ್ಪೇಸ್ ಪ್ರೋಗ್ರಾಂ: ಅಬಾರ್ಟ್ ಒತ್ತಿದರೆ ಎಸ್ಕೇಪ್ ಟವರ್ ಇಡೀ ರಾಕೆಟ್ಟನ್ನೇ ಎಳೆಯುತ್ತಿದೆ, ಏನು ಮಾಡಲಿ?

ರಾಕೆಟ್ ಕಟ್ಟಿ ಹಾರಿಸುವ ಈ ಕಂಪ್ಯೂಟರ್ ಆಟದ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಇವೆ. ಅಪಾಯವಾದಾಗ ಕ್ಯಾಪ್ಸೂಲನ್ನು ರಾಕೆಟ್ಟಿನಿಂದ ಎಳೆದು ದೂರ ಒಯ್ಯುವ ಲಾಂಚ್ ಎಸ್ಕೇಪ್ ಟವರ್ ಹಾಕಿದ್ದೀರಿ, ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲ ಸಲ ಏನೂ ಆಗಲಿಲ್ಲ. ಏನೋ ಸೆಟ್ಟಿಂಗ್ ಬದಲಾಯಿಸಿದ ಮೇಲೆ ಟವರ್ ಉರಿಯಿತು, ಆದರೆ ಇಡೀ ರಾಕೆಟ್ಟನ್ನು ಎಳೆದುಕೊಂಡು ಹೋಗಲು ನೋಡಿತು. ಕೊನೆಗೆ, ಲಾಂಚ್‌ಗೆ ಮೊದಲಿನ ಸ್ಥಿತಿಗೆ ವಾಪಸ್ ಒಯ್ಯುವ ರಿವರ್ಟ್ ಬಟನ್ ಇರುವಾಗ ಇದೆಲ್ಲ ಬೇಕಾ ಅಂತ ಕೇಳಿದ್ದೀರಿ.

ಆ ಟವರ್ ಅಂದರೆ ಒಂದು ಮೋಟಾರ್, ಅಷ್ಟೇ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿದುಕೊಳ್ಳಬೇಕು ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳಿಕೊಡುವುದು ನಿಮ್ಮ ಕೆಲಸ. ಸುಮ್ನೆ ತುದಿಯಲ್ಲಿ ಕೂರಿಸಿ ಲಾಂಚ್ ಮಾಡುವುದು ಅಂದರೆ, ಸಿಗ್ನಲ್‌ನಲ್ಲಿ ಪೊಲೀಸರನ್ನು ಕಂಡು ಹೆಲ್ಮೆಟ್ ತಲೆ ಮೇಲಿಟ್ಟುಕೊಂಡು ಬಕಲ್ ಹಾಕದೆ ಹೋದ ಹಾಗೆ.

ಬ್ಯಾಕ್‌ಸ್ಪೇಸ್ ಕೀ ಅಬಾರ್ಟ್ ಅನ್ನುವ ಆಕ್ಷನ್ ಗ್ರೂಪನ್ನು, ಅಂದರೆ ಒಂದೇ ಕೀಯಿಂದ ನಡೆಯುವ ಕೆಲಸಗಳ ಗುಂಪನ್ನು, ಚಾಲೂ ಮಾಡುತ್ತದೆ. ನೀವು ತುಂಬಿಸುವವರೆಗೆ ಆ ಗ್ರೂಪ್ ಖಾಲಿ. ರಾಕೆಟ್ ಕಟ್ಟುವ ಶೆಡ್ಡಿನಲ್ಲಿ ಮೇಲಿರುವ ಆಕ್ಷನ್ ಗ್ರೂಪ್ ಟ್ಯಾಬಿಗೆ ಹೋಗಿ, ಅಬಾರ್ಟ್ ಆರಿಸಿ, ಮೂರು ಕೆಲಸ ಸೇರಿಸಿ. ಟವರಿನ ಮೋಟಾರ್ ಹೊತ್ತಿಕೊಳ್ಳಬೇಕು. ಕ್ಯಾಪ್ಸೂಲಿನ ಕೆಳಗಿರುವ ಡಿಕಪ್ಲರ್ (ಎರಡು ಭಾಗಗಳನ್ನು ಬೇರ್ಪಡಿಸುವ ಜೋಡಣೆ) ಬಿಡಬೇಕು. ಕೆಳಗಿನ ದ್ರವ ಇಂಧನದ ಎಂಜಿನ್‌ಗಳೆಲ್ಲ ಆರಬೇಕು. ನೀವು ಬಹುಶಃ ಮೊದಲನೆಯದನ್ನು ಮಾತ್ರ ಹಾಕಿದ್ದೀರಿ, ಅದಕ್ಕೇ ಅದು ರಾಕೆಟ್ಟನ್ನೇ ಎಳೆಯಿತು.

ಇದರ ಉಲ್ಟಾ ಕೂಡ ಆಗುತ್ತದೆ. ಟವರಿಗೂ ಕ್ಯಾಪ್ಸೂಲಿಗೂ ನಡುವಿನ ಡಿಕಪ್ಲರನ್ನು ತಪ್ಪಾಗಿ ಅಬಾರ್ಟ್‌ಗೆ ಸೇರಿಸಿದರೆ ಟವರ್ ಒಂದೇ ಹಾರಿ ಹೋಗುತ್ತದೆ, ನಿಮ್ಮ ಗಗನಯಾತ್ರಿ ಜೆಬ್ ಕೆಳಗೆ ನೋಡುತ್ತಾ ಕೂತಿರುತ್ತಾನೆ. ನಾಚಿಕೆ ಪಡಬೇಡಿ, ನಾಸಾಗೂ ಹೆಚ್ಚುಕಮ್ಮಿ ಹೀಗೇ ಆಗಿದೆ. 1960ರ ನವೆಂಬರ್ 21ರಂದು ಮರ್ಕ್ಯುರಿ-ರೆಡ್‌ಸ್ಟೋನ್ ರಾಕೆಟ್ ನಾಲ್ಕು ಇಂಚು ಮೇಲೆದ್ದು, ಎಂಜಿನ್ ಆರಿ, ಮತ್ತೆ ಪ್ಯಾಡ್ ಮೇಲೇ ಕೂತಿತು. ಟವರ್ ಮಾತ್ರ ಕ್ಯಾಪ್ಸೂಲನ್ನು ಬಿಟ್ಟು ಹಾರಿ ಹೋಯಿತು. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು, ಇಂಧನ ತುಂಬಿದ್ದ ರಾಕೆಟ್ಟಿನ ಪಕ್ಕದಲ್ಲಿ ಜೋತು ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಪ್ಯಾರಾಚೂಟನ್ನು ಅಬಾರ್ಟ್ ಗ್ರೂಪಿಗೆ ಹಾಕಬೇಡಿ. ಗ್ರೂಪಿನಲ್ಲಿರುವುದೆಲ್ಲ ಒಂದೇ ಕ್ಷಣದಲ್ಲಿ ನಡೆಯುತ್ತದೆ, ಮೋಟಾರ್ ಉರಿಯುವಾಗಲೇ ಪ್ಯಾರಾಚೂಟ್ ಬಿಟ್ಟರೆ ಅದು ಉಳಿಯುವುದಿಲ್ಲ. ಟವರ್ ಉರಿದು ಮುಗಿಯಲಿ, ವೇಗ ಇಳಿಯಲಿ. ಆಮೇಲೆ ಸ್ಪೇಸ್ ಬಾರ್ ಒತ್ತಿ ಟವರನ್ನು ಬಿಡಿ, ಇನ್ನೊಂದು ಸಲ ಒತ್ತಿ ಪ್ಯಾರಾಚೂಟ್ ಬಿಡಿ. ಬೇರ್ಪಟ್ಟ ಮೇಲೆ ಸ್ಟೇಜಿಂಗ್ ಪಟ್ಟಿಯಲ್ಲಿ (ಸ್ಪೇಸ್ ಬಾರ್ ಒತ್ತಿದಂತೆ ಯಾವುದು ಯಾವಾಗ ನಡೆಯಬೇಕು ಅನ್ನುವ ಪಟ್ಟಿ) ಕ್ಯಾಪ್ಸೂಲಿನ ಜೊತೆ ಉಳಿದ ಭಾಗಗಳಷ್ಟೇ ಇರುತ್ತವೆ, ಆದ್ದರಿಂದ ಕ್ರಮ ಸರಿಯಾಗಿದ್ದರೆ ಗಾಬರಿ ಬೇಡ. ಪ್ಯಾರಾಚೂಟ್ ಐಕಾನ್ ಕೆಂಪಾಗಿದ್ದರೆ ತಡೆಯಿರಿ.

ಎಲ್ಲರಿಗೂ ತಲೆನೋವು ಕೊಡುವುದು ಘನ ಇಂಧನದ ಬೂಸ್ಟರ್. ದ್ರವ ಎಂಜಿನ್ನನ್ನು ಆರಿಸಬಹುದು, ಇದನ್ನು ಆರಿಸಲು ಆಗುವುದಿಲ್ಲ. ಟವರ್ ಉರಿಯುವುದು ಕೆಲವೇ ಸೆಕೆಂಡ್. ಅಷ್ಟರಲ್ಲಿ ಕ್ಯಾಪ್ಸೂಲ್ ಮುಂದೆ ಓಡುತ್ತದೆ, ನಿಜ. ಆದರೆ ಮೋಟಾರ್ ಮುಗಿದ ಮೇಲೆ ಗಾಳಿ ಅದನ್ನು ತಡೆಯುತ್ತದೆ, ಹಿಂದಿನಿಂದ ಬೂಸ್ಟರ್ ಇನ್ನೂ ಉರಿಯುತ್ತಾ ಬರುತ್ತಿರುತ್ತದೆ. ಕೆಲವರು ಬೂಸ್ಟರ್‌ಗಳ ಡಿಕಪ್ಲರನ್ನೂ ಅಬಾರ್ಟ್‌ಗೆ ಸೇರಿಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಹಿಡಿತ ತಪ್ಪಿದ ಬೂಸ್ಟರ್ ಯಾವ ಕಡೆ ತಿರುಗುತ್ತದೋ ಯಾರಿಗೆ ಗೊತ್ತು? ಅದರ ಬದಲು ಟವರ್ ಉರಿಯುವಾಗಲೇ ಕೀ ಒತ್ತಿ ಕ್ಯಾಪ್ಸೂಲನ್ನು ಒಂದು ಪಕ್ಕಕ್ಕೆ ವಾಲಿಸಿ, ರಾಕೆಟ್ಟಿನ ದಾರಿಯಿಂದ ಆಚೆ ಸರಿಯಿರಿ. ಅಪೊಲೊ ಟವರಿನ ಮೂತಿಯಲ್ಲಿ ಇದಕ್ಕೆಂದೇ ಇನ್ನೊಂದು ಪುಟ್ಟ ಮೋಟಾರ್ ಇತ್ತು.

ಬೇರ್ಪಟ್ಟ ಕೂಡಲೇ ಕ್ಯಾಪ್ಸೂಲ್ ಲಾಗ ಹಾಕುತ್ತಿದ್ದರೆ, ಅದರ ಜೊತೆ ಏನೇನು ಹೋಗುತ್ತಿದೆ ನೋಡಿ. ಸರ್ವಿಸ್ ಮಾಡ್ಯೂಲ್ (ಕ್ಯಾಪ್ಸೂಲಿನ ಹಿಂದಿನ ಎಂಜಿನ್ ಭಾಗ), ಟ್ಯಾಂಕು, ಸೋಲಾರ್ ಪ್ಯಾನೆಲ್ ಎಲ್ಲ ಹಿಂದೆ ಅಂಟಿಕೊಂಡಿದ್ದರೆ ಭಾರ ಹಿಂದಕ್ಕೆ ಹೋಗುತ್ತದೆ, ಗಾಳಿ ಮೂತಿಯನ್ನು ತಿರುಗಿಸಿಬಿಡುತ್ತದೆ. ಕ್ಯಾಪ್ಸೂಲಿನ ಬುಡದಲ್ಲೇ ಕತ್ತರಿಸಿ, ಉಳಿದದ್ದನ್ನೆಲ್ಲ ಬಿಟ್ಟು ಬನ್ನಿ. ದಿಕ್ಕನ್ನು ಸ್ಥಿರವಾಗಿ ಹಿಡಿಯುವ ಎಸ್‌ಎಎಸ್ ಆನ್ ಇರಲಿ.

ಎಲ್ಲ ಸರಿ ಹೋದ ದಿನ ಟವರನ್ನು ಎಲ್ಲಿ ಬಿಡಬೇಕು ಅನ್ನುವುದೂ ಮುಖ್ಯ. ಆಟದ ಗ್ರಹವಾದ ಕರ್ಬಿನ್‌ನ ವಾತಾವರಣ 70 ಕಿ.ಮೀ.ವರೆಗೆ ಇದೆ, ಆದರೆ 30-40 ಕಿ.ಮೀ. ದಾಟಿದ ಮೇಲೆ ಗಾಳಿ ತೀರಾ ತೆಳು. ನಾನು ಅಲ್ಲೇ ಬಿಡುತ್ತೇನೆ. ಅಲ್ಲಿಂದ ಮುಂದೆ ಏನಾದರೂ ಆದರೆ ಸರ್ವಿಸ್ ಮಾಡ್ಯೂಲಿನ ಎಂಜಿನ್ ಸಾಕು. ಬಿಡುವಾಗ ಬರೀ ಡಿಕಪ್ಲರ್ ಬಿಟ್ಟರೆ, ಕೆಳಗಿನಿಂದ ವೇಗವಾಗಿ ಬರುತ್ತಿರುವ ರಾಕೆಟ್ ಅದಕ್ಕೇ ಗುದ್ದುತ್ತದೆ. ಟವರಿನ ಮೋಟಾರನ್ನೂ ಅದರ ಡಿಕಪ್ಲರನ್ನೂ ಒಂದೇ ಸ್ಟೇಜಿನಲ್ಲಿ ಇಡಿ, ತಾನೇ ಮುಂದೆ ಹಾರಿ ಹೋಗುತ್ತದೆ. ಆ ಡಿಕಪ್ಲರಿನ ಬಾಣ ಕ್ಯಾಪ್ಸೂಲಿನ ಕಡೆಗಿರಲಿ. ಇಲ್ಲದಿದ್ದರೆ ಅದರ ಬಳೆ ಕ್ಯಾಪ್ಸೂಲಿನ ತಲೆಯ ಮೇಲೇ ಉಳಿದು, ಡಾಕಿಂಗ್ ಪೋರ್ಟ್ ಮುಚ್ಚಿಹೋಗುತ್ತದೆ. ಮೇಲೆ ಹೋದ ಮೇಲಷ್ಟೇ ಇದು ಗೊತ್ತಾಗುವುದು!

ಟವರ್ ಬಿಟ್ಟ ಮೇಲೂ ಒಂದು ದಾರಿ ಇರಬೇಕು ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ರಷ್ಯಾದ ಗಗನನೌಕೆ ಸೋಯುಜ್ ಎಂಎಸ್-10. 2018ರ ಅಕ್ಟೋಬರ್ 11ರಂದು ಒಂದು ಬೂಸ್ಟರ್ ಸರಿಯಾಗಿ ಕಳಚಿಕೊಳ್ಳದೆ ರಾಕೆಟ್ಟಿಗೆ ಗುದ್ದಿತು. ಟವರ್ ಅದಕ್ಕೆ ಕೆಲವೇ ಸೆಕೆಂಡ್ ಮೊದಲು ಕಳಚಿ ಹೋಗಿತ್ತು. ಮೂತಿಯ ಕವಚದಲ್ಲಿದ್ದ ಬೇರೆ ಮೋಟಾರ್‌ಗಳು ಒಳಗಿದ್ದ ಇಬ್ಬರು ಯಾತ್ರಿಗಳನ್ನೂ ಎಳೆದು ಉಳಿಸಿದವು.

ಇನ್ನು ರಿವರ್ಟ್ ಪ್ರಶ್ನೆ. ಸಾಮಾನ್ಯ ಮೋಡಿನಲ್ಲಿ ಆಡುತ್ತಿದ್ದರೆ ಟವರ್ ಖಂಡಿತ ಬೇಕಿಲ್ಲ, ಅದು ಬರೀ ಭಾರ. ಹಾರ್ಡ್ ಮೋಡಿನಲ್ಲಿ ರಿವರ್ಟ್ ಇಲ್ಲ, ಅಲ್ಲಿ ಪ್ರತಿ ರಾಕೆಟ್ಟಿಗೂ ಹಾಕುತ್ತೇನೆ. ನಿಜ ಹೇಳಬೇಕಂದರೆ ಆಟಕ್ಕೆ ರುಚಿ ಬರುವುದೂ ಆಗಲೇ. 2023ರ ಅಕ್ಟೋಬರ್ 21ರ ಬೆಳಿಗ್ಗೆ ಗಗನಯಾನದ ಎಸ್ಕೇಪ್ ವ್ಯವಸ್ಥೆಯ ಟಿವಿ-ಡಿ1 ಪರೀಕ್ಷೆಯ ಎಣಿಕೆ ಐದೇ ಸೆಕೆಂಡ್ ಉಳಿದಿರುವಾಗ ನಿಂತಿತಲ್ಲ, ಆಗ ರಾಜಾಜಿನಗರದ ನಮ್ಮ ಮನೆಯಲ್ಲಿ ತಮ್ಮನ ಮಗ ಕೇಳಿದ್ದು: "ದೊಡ್ಡಪ್ಪ, ಇದಕ್ಕೆ ರಿವರ್ಟ್ ಇಲ್ವಾ?" ಇಲ್ಲ ಕಣೋ ಅಂದೆ. ಹತ್ತು ಗಂಟೆಗೆ ಅದು ಹಾರಿತು. ಸುಮಾರು 12 ಕಿ.ಮೀ. ಎತ್ತರದಲ್ಲಿ, ಶಬ್ದಕ್ಕಿಂತ ಜಾಸ್ತಿ ವೇಗದಲ್ಲಿ ಕ್ಯಾಪ್ಸೂಲನ್ನು ಎಳೆದು ಬೇರೆ ಮಾಡಿ, ಸಮುದ್ರಕ್ಕೆ ಇಳಿಸಿದರು.

ಗಗನಯಾನದ ಯಾತ್ರಿಗಳ ತರಬೇತಿ ನಡೆಯುವುದು ನಮ್ಮ ಬೆಂಗಳೂರಿನಲ್ಲೇ, ಪರೀಕ್ಷೆ ಮಾತ್ರ ಶ್ರೀಹರಿಕೋಟಾದಲ್ಲಿ. ಆ ಪರೀಕ್ಷೆಗಳ ಕ್ರಮವನ್ನೇ ನೀವೂ ಕಾಪಿ ಹೊಡೆಯಿರಿ. 2018ರ ಜುಲೈ 5ರಂದು ಇಸ್ರೋ ಮೊದಲು ಪ್ಯಾಡ್ ಮೇಲಿಂದಲೇ ಅಬಾರ್ಟ್ ಮಾಡಿ ನೋಡಿತು, ರಾಕೆಟ್ಟೇ ಇಲ್ಲದೆ. ಹಾರುವಾಗಿನ ಪರೀಕ್ಷೆ ಬಂದದ್ದು ಆಮೇಲೆ. ಆಟದಲ್ಲೂ ಮೊದಲು ಪ್ಯಾಡ್ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿ, ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಳ್ಳುವಷ್ಟು ಎತ್ತರ ಸಿಗುತ್ತದಾ ನೋಡಿ. ಆಮೇಲೆ ಶಬ್ದದ ವೇಗ ದಾಟುವ ಹೊತ್ತಿನಲ್ಲಿ ಒಮ್ಮೆ. ಈ ಪರೀಕ್ಷೆಗೆ ಯಾತ್ರಿಗಳಿಲ್ಲದ ಕ್ಯಾಪ್ಸೂಲಿಗೆ ಒಂದು ಪ್ರೋಬ್ ಕೋರ್ (ಯಾತ್ರಿಗಳಿಲ್ಲದೆ ನಿಯಂತ್ರಿಸುವ ಭಾಗ) ಸಿಕ್ಕಿಸಿದರೆ ಸಾಕು.

ಕೆರಿಯರ್ ಮೋಡಿನ ಶುರುವಿನಲ್ಲಿದ್ದರೆ ಇನ್ನೊಂದು ಮಾತು. ಶೆಡ್ಡನ್ನು ಒಮ್ಮೆ ಅಪ್‌ಗ್ರೇಡ್ ಮಾಡುವವರೆಗೆ ಆಕ್ಷನ್ ಗ್ರೂಪ್ ಸಿಗುವುದೇ ಇಲ್ಲ. ಹಾಗಾಗಿ ದುಡ್ಡು ಬಂದ ಕೂಡಲೇ ಅದನ್ನು ಮಾಡಿಸಿ. ಇಷ್ಟಾದ ಮೇಲೂ ಸರಿ ಹೋಗದಿದ್ದರೆ ಸ್ಟೇಜಿಂಗ್ ಪಟ್ಟಿ ಕಾಣುವ ಹಾಗೆ ಒಂದು ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.